ಕೆಂಚ್ಯಾನಿಂದ ಬೆಲ್ಲದ ವಾಸನೆ ಬಂದ ದಿನ

ನಾಯಿ ವಿಷ ತಿಂದ ಮನೆಯವರು ಅದನ್ನು ಹತ್ತು ಜನರ ಮುಂದೆ ಹೇಳಿಕೊಳ್ಳುವುದಿಲ್ಲ. ಹೇಳಿದರೆ "ನಾಯಿ ತಾನೇ" ಅನ್ನುತ್ತಾರೆ. ನಾನೂ ಬಹಳ ವರ್ಷ ಹೇಳಲಿಲ್ಲ. ನನಗೆ ಇನ್ನೊಂದು ಕಾರಣವೂ ಇತ್ತು. ವಿಷದ ಬೋಗುಣಿಯ ಮುಚ್ಚಳ ತೆಗೆದವಳು ನಾನೇ. ಈಚೆಗೆ ಪರಿಚಯದ ಹುಡುಗಿಯೊಬ್ಬಳು ತನ್ನ ನಾಯಿ ಇಲಿಪಾಷಾಣ ತಿಂದಿತೆಂದು ಫೋನಿನಲ್ಲಿ ಅಳುತ್ತಿದ್ದಳು. "ನನ್ನ ತಪ್ಪಿನಿಂದನ ಆತ್ರಿ" ಎಂದು ಮತ್ತೆ ಮತ್ತೆ ಹೇಳಿದಳು. ಅವಳಿಗೆ ಆಗ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವು ತೊಂಬತ್ತರ ದಶಕದ ಕೊನೆಯ ವರ್ಷಗಳು. ನೇಸರಗಿಯಿಂದ ಒಳದಾರಿ ಹಿಡಿದರೆ ನಮ್ಮ ಊರು. ಊರಿನಿಂದ ಸ್ವಲ್ಪ ಹೊರಗೆ, ಹೊಲಕ್ಕೆ ಹತ್ತಿಕೊಂಡೇ ನಮ್ಮ ಮನೆ. ಮನೆಯಲ್ಲಿ ಅತ್ತೆ ಗೌರವ್ವ, ನನ್ನ ಗಂಡ ಬಸವರಾಜ, ನಾಲ್ಕು ವರ್ಷದ ಮಗಳು ಪವಿತ್ರಾ, ನಾನು. ಜೊತೆಗೆ ಕೆಂಚ್ಯಾ. ಕೆಂಪು ಬಣ್ಣದ, ಉದ್ದ ಕಾಲಿನ ಊರನಾಯಿ. ಮಾವ ತೀರಿಕೊಂಡ ವರ್ಷ ಅದು ಮರಿಯಾಗಿ ಬಂದು ಅತ್ತೆಯ ಹೊರಸಿನ ಕೆಳಗೆ ಮಲಗಿತ್ತಂತೆ. ಆಮೇಲೆ ಹೋಗಲಿಲ್ಲ. ದಿನಾ ಹಂಚಿನಿಂದ ಇಳಿದ ಮೊದಲ ರೊಟ್ಟಿ ಅದಕ್ಕೇ. ಮಗ ಹಸಿದು ಕುಳಿತಿದ್ದರೂ ಅತ್ತೆ ಆ ಪದ್ಧತಿ ತಪ್ಪಿಸುತ್ತಿರಲಿಲ್ಲ.

ಅತ್ತೆ ಜಗಳಗಂಟಿ ಹೆಂಗಸಲ್ಲ. ಅವರು ಕೂಗಿ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಒಂದು ಮಾತನ್ನು ಎರಡನೇ ಸಲ ಹೇಳುವವರೂ ಅಲ್ಲ. ನಾನು ತಪ್ಪು ಮಾಡಿದರೆ ನನ್ನ ಕಡೆ ಒಮ್ಮೆ ನೋಡಿ, ಆ ಕೆಲಸವನ್ನು ತಾವೇ ಎದ್ದು ಸರಿ ಮಾಡುತ್ತಿದ್ದರು. ಮದುವೆಯಾಗಿ ಆರು ವರ್ಷವಾಗಿತ್ತು. ಆ ನೋಟಕ್ಕೆ ನಾನು ಇನ್ನೂ ಹೆದರುತ್ತಿದ್ದೆ.

ಆ ಮಳೆಗಾಲ ಗೋವಿನಜೋಳಕ್ಕೆ ಲದ್ದಿಹುಳು ಬಿತ್ತು. ಹಗಲು ಮಣ್ಣಿನಲ್ಲಿ ಅಡಗಿ, ಕತ್ತಲಾದ ಮೇಲೆ ಎದ್ದು ಎಲೆ ಮೇಯುವ ಹುಳು. ಅದಕ್ಕೆ ಔಷಧ ಸಿಂಪಡಿಸಿದರೆ ಸಾಲದು, ತಿನ್ನಿಸಿಯೇ ಕೊಲ್ಲಬೇಕು. ತೌಡಿಗೆ ಬೆಲ್ಲದ ನೀರು ಹಾಕಿ, ಎಣ್ಣಿ ಬೆರೆಸಿ, ಹುಳಿ ಬರಲೆಂದು ಒಂದು ರಾತ್ರಿ ಮುಚ್ಚಿಟ್ಟು, ಮರುದಿನ ಸಂಜೆ ಸಾಲಿಗೆ ಚೆಲ್ಲುತ್ತಾರೆ. ನಮ್ಮ ಕಡೆ ಬೆಳೆಗೆ ಹೊಡೆಯುವ ವಿಷಕ್ಕೆ ಎಣ್ಣಿ ಅಂತಲೇ ಹೆಸರು. ಒಗ್ಗರಣೆಗೆ ಹಾಕುವುದೂ ಎಣ್ಣಿ, ಅದೂ ಎಣ್ಣಿ.

ಹಿಂದಿನ ದಿನ ಸಂಜೆ ಗಂಡ ಕೊಟ್ಟಿಗೆಯ ಮೂಲೆಯಲ್ಲಿ ಹಳೆಯ ಬೋಗುಣಿಯೊಳಗೆ ಅದನ್ನು ಕಲಸಿಟ್ಟು, ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಬೀಸುಕಲ್ಲಿನ ಹೋಳು ಹೇರಿದ್ದರು. ಬೆಳಿಗ್ಗೆ ಹೊಲಕ್ಕೆ ಹೋಗುವಾಗ, "ಹುಳಿ ಬಂದೈತೇನ ಒಂದೀಟ ನೋಡು. ಬಂದಿದ್ರ ಸಂಜಿಮುಂದ ಚೆಲ್ಲೂಣು" ಅಂದರು. ನಾನು ಹೋಗಿ ಕಲ್ಲು ಇಳಿಸಿ ಹಲಗೆ ಎತ್ತಿದೆ. ಬೆಲ್ಲದ ಘಮದ ಅಡಿಯಲ್ಲಿ ಬೆಳ್ಳುಳ್ಳಿ ಕೊಳೆತಂಥ ಇನ್ನೊಂದು ವಾಸನೆ ಇತ್ತು. ಅಂಚಿನಲ್ಲಿ ನೊಣಗಳು ಸತ್ತು ಬಿದ್ದಿದ್ದವು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಹಾಲು ಉಕ್ಕಿದ ಸಪ್ಪಳ ಕೇಳಿತು. ಹಲಗೆ ಮುಚ್ಚಿ ಓಡಿದೆ. ಕಲ್ಲು ಇಡಲಿಲ್ಲ.

ಮರೆತೆನೆಂದು ಬರೆದರೆ ಪೂರ್ತಿ ನಿಜವಾಗುವುದಿಲ್ಲ. ಹಾಲು ಇಳಿಸುವಾಗ ಕಲ್ಲಿನ ನೆನಪು ಬಂದಿತ್ತು. ಆಮೇಲೆ ಇಟ್ಟರಾಯಿತು ಅಂದುಕೊಂಡೆ.

ಸುಮಾರು ಹೊತ್ತಿನ ಮೇಲೆ ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ಪವಿತ್ರಾ ಕಟ್ಟೆಯ ಮೇಲೆ ಕೆಂಚ್ಯಾನ ಕೊರಳು ತಬ್ಬಿಕೊಂಡು ಕೂತಿದ್ದಳು. ಅದು ಅವಳ ಗಲ್ಲ ನೆಕ್ಕುತ್ತಿತ್ತು.

"ಅವ್ವಾ, ಕೆಂಚ್ಯಾನ ಬಾಯಿ ಬೆಲ್ಲದ ವಾಸನಿ ಹೊಡ್ಯಾಕತ್ತೈತಿ" ಅಂದಳು.

"ಹೌದಾ" ಅಂದೆ. ಮಕ್ಕಳ ಮಾತಿಗೆ ಕೆಲಸದ ನಡುವೆ ಅನ್ನುವ ಹಾಗೆ. ಪಾತ್ರೆ ತೊಳೆದು ಮುಗಿಸಿದೆ. ಆ ಮಾತು ನನ್ನ ತಲೆಗೆ ಹೋದದ್ದು ಕೆಂಚ್ಯಾ ಅಂಗಳದ ನಡುವೆ ಬಿದ್ದಾಗ.

ಅದು ಒದರಲಿಲ್ಲ. ನಾಲ್ಕು ಹೆಜ್ಜೆ ನಡೆದು, ಏನನ್ನೋ ನೆನಪು ಮಾಡಿಕೊಳ್ಳುವವರಂತೆ ನಿಂತು, ಹಿಂಗಾಲು ಕುಸಿದು ಕುಂತಿತು. ಬಾಯಿಂದ ಜೊಲ್ಲು ನೂಲಿನಂತೆ ಇಳಿಯತೊಡಗಿತು. ಆಮೇಲೆ ಮೈಯ ಚರ್ಮದ ಕೆಳಗೆ ಏನೋ ಹರಿದಾಡಿದ ಹಾಗೆ ಅಲ್ಲಲ್ಲಿ ಅದುರಿತು. ಅತ್ತೆ ಒಳಗಿನಿಂದ ಬಂದು ನೋಡಿದವರೇ ನೆಲಕ್ಕೆ ಕೂತು ಅದರ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡರು.

"ಏಳೋ ಕೆಂಚ್ಯಾ. ಏಳಪ್ಪಾ. ಏನಾತೋ ನಿನಗ?"

ಹೊಲದಿಂದ ಗಂಡ ಓಡಿ ಬಂದರು. ಅವರ ಹಿಂದೆ ಪಕ್ಕದ ಹೊಲದ ಭೀಮಪ್ಪನೂ ಬಂದ. ಭೀಮಪ್ಪ ನೋಡಿದ ಕೂಡಲೇ, "ಹಾವು ಮುಟ್ಟೇತಿ ನೋಡ ಬಸಣ್ಣ. ಕಾಲಾಗ ಹಲ್ಲಿನ ಗುರ್ತ ಐತೇನ ಹುಡುಕು" ಅಂದ. ಮೂವರೂ ಕೂದಲು ಸರಿಸಿ ಸರಿಸಿ ಕಚ್ಚಿದ ಗುರುತು ಹುಡುಕತೊಡಗಿದರು. ಅತ್ತೆ ಮೂತಿ ನೋಡಿದರು, ಕಿವಿ ನೋಡಿದರು, ಕಾಲಿನ ಸಂದಿ ನೋಡಿದರು.

ನನಗೆ ಗೊತ್ತಿತ್ತು. ಮಗಳ ಮಾತು ಕಿವಿಯಲ್ಲಿತ್ತು. ಕೊಟ್ಟಿಗೆಗೆ ಹೋಗಿ ನೋಡಿ ಬಂದೆ. ಹಲಗೆ ಪಕ್ಕಕ್ಕೆ ಸರಿದಿತ್ತು, ತೌಡಿನಲ್ಲಿ ಮೂತಿ ಇಟ್ಟ ಗುಳಿ ಇತ್ತು. ಮರಳಿ ಬಂದು ಅವರ ಹಿಂದೆ ನಿಂತೆ. ಹೇಳಬೇಕು ಅಂತ ಬಾಯಿ ತೆರೆದೆ. ಅತ್ತೆ ತಲೆ ಎತ್ತಿ ನನ್ನ ಕಡೆ ನೋಡಿದರು. ಬಾಯಿ ಮುಚ್ಚಿದೆ. ಹಾಗೆ ಅರ್ಧ ತಾಸು ಕಳೆಯಿತು. ನಾಯಿ ಸಾಯುತ್ತಿದೆ, ಅವರು ಇಲ್ಲದ ಹಾವಿನ ಹಲ್ಲು ಹುಡುಕುತ್ತಿದ್ದಾರೆ, ನಾನು ಸೆರಗಿನ ತುದಿ ಹಿಂಡುತ್ತ ನಿಂತಿದ್ದೇನೆ. ಆ ಅರ್ಧ ತಾಸು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಅತ್ತೆ ಉಪ್ಪು ನೀರು ತರಲು ಒಳಗೆ ಹೋದರು. ಅಷ್ಟರಲ್ಲಿ ಪವಿತ್ರಾ ಬಂದು ನನ್ನ ಕಾಲಿಗೆ ಆತುಕೊಂಡಳು. ಅವಳ ಗಲ್ಲದ ಮೇಲೆ ನಾಯಿ ನೆಕ್ಕಿದ ಜೊಲ್ಲು ಒಣಗಿ ಹೊಳೆಯುತ್ತಿತ್ತು. ಅದನ್ನು ಕಂಡು ನನ್ನ ದನಿ ತಾನಾಗಿ ಹೊರಬಿತ್ತು.

"ರೀ, ಹಾವಲ್ಲರಿ. ಬೋಗುಣ್ಯಾಂದು ತಿಂದೈತಿ."

"ಕಲ್ಲ ಹೇರಿದ್ನೆಲ್ಲ ನಾ?"

"ನಾ ಇಳಿಸಿದ್ದೆ. ಅತ್ತಿಗೆ ಹೇಳಬ್ಯಾಡ್ರಿ."

ಅವರು ನನ್ನನ್ನೇ ನೋಡಿದರು. ಆಮೇಲೆ ಮಗಳನ್ನು ನೋಡಿದರು. "ಪವಿನ್ನ ನೆಕ್ಕೇತೇನು?" ಅಂದರು. ನಾನು ಹೌದೆಂದು ತಲೆ ಆಡಿಸಿದೆ.

ಮಗಳನ್ನು ಎತ್ತಿಕೊಂಡು ಹೋಗಿ ಸಾಬೂನು ಹಚ್ಚಿ ಮುಖ, ಕೈ, ಬಾಯಿ ಉಜ್ಜಿ ಉಜ್ಜಿ ತೊಳೆದೆ. ಅವಳು ಚೀರಿದಳು. ಅಂಗಿ ಕಳಚಿ ಎಸೆದು ಬೇರೆ ತೊಡಿಸಿದೆ. ಹಾಲು ಕೂಡಿಸಿಕೊಂಡು ಬೈಲಹೊಂಗಲಕ್ಕೆ ಹೊರಟ ಟೆಂಪೋವನ್ನು ಭೀಮಪ್ಪ ಓಡಿಹೋಗಿ ತರುಬಿ ನಿಲ್ಲಿಸಿದ. ಕ್ಯಾನುಗಳ ನಡುವೆ ಗೋಣಿ ಹಾಸಿ ಕೆಂಚ್ಯಾನನ್ನು ಮಲಗಿಸಿದೆವು. ಗಂಡ ಎಣ್ಣಿಯ ಡಬ್ಬಿಯನ್ನು ಚೀಲದಲ್ಲಿ ಸುತ್ತಿಕೊಂಡರು. ಅತ್ತೆ ತಾವೂ ಬರುತ್ತೇನೆಂದು ಟೆಂಪೋದ ಅಂಚು ಹಿಡಿದರು. ಗಂಡ, "ಎಮ್ಮಿ ಯಾರು ನೋಡ್ತಾರಬೇ, ನೀ ಇಲ್ಲೇ ಇರು" ಅಂದರು. ಅವರು ಕೈ ಬಿಟ್ಟರು. "ಕೂಸಿನ್ಯಾಕ ಒಯ್ಯಾಕತ್ತೀರಿ?" ಎಂದು ಕೇಳಿದರು. ಅಷ್ಟರಲ್ಲಿ ಟೆಂಪೋ ಹೊರಟಿತು.

ದಾರಿಯುದ್ದಕ್ಕೂ ನಾನು ಎರಡು ಬಾಯಿ ನೋಡುತ್ತಿದ್ದೆ. ಒಂದು ನಾಯಿಯದು, ಒಂದು ಮಗಳದು. ನಾಯಿಯ ಬಾಯಿಂದ ನೊರೆ ನಿಲ್ಲಲಿಲ್ಲ. ಮಗಳು ಉಗುಳು ನುಂಗಿದಾಗಲೆಲ್ಲ ಅವಳ ಬಾಯಿ ತೆರೆಸಿ ನೋಡುತ್ತಿದ್ದೆ.

ದನದ ದವಾಖಾನೆಯ ಪಡಸಾಲೆಯಲ್ಲಿ ಅಂದು ಎರಡು ಎಮ್ಮೆ, ಒಂದು ಮೇಕೆ, ಅವುಗಳ ಮಂದಿ ಇದ್ದರು. ನಮ್ಮನ್ನು ಕಂಡು ಎಲ್ಲರೂ ಸರಿದು ದಾರಿ ಬಿಟ್ಟರು. ಡಾಕ್ಟರರು ಐವತ್ತರ ಆಸುಪಾಸಿನವರು, ತೆಳ್ಳಗಿನ ಮನುಷ್ಯ. ಕೆಂಚ್ಯಾನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು. ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು.

"ಯಾವ ಎಣ್ಣಿ? ಡಬ್ಬಿ ತಂದೀರೇನು?"

ಗಂಡ ಕೊಟ್ಟರು. ಓದಿ, ಕೆಳಗಿಟ್ಟು, "ತಿಂದು ಎಷ್ಟೊತ್ತಾತು?" ಅಂದರು.

"ಒಂದ ತಾಸ್ರಿ" ಅಂದೆ. ಅಂದ ಮೇಲೆ ಮನಸ್ಸು ತಡೆಯಲಿಲ್ಲ. "ಅಲ್ಲರಿ ಸಾಹೇಬ್ರ. ಇನ್ನೂ ಅರ್ಧಾ ತಾಸು ಜಾಸ್ತಿ ಆಗೇತಿ. ನಾ ಲಗೂನ ಹೇಳಲಿಲ್ಲ."

ಅವರು ನನ್ನನ್ನು ಬೈಯಲಿಲ್ಲ. ಸೂಜಿ ತುಂಬುತ್ತ, "ಈಗ ಹೇಳಿದ್ರೆಲ್ಲ, ಅದ ಉಪಯೋಗಕ್ಕ ಬಂತು" ಅಂದರು. ಆಮೇಲೆ ಸೂಜಿ ಕೈಯಲ್ಲಿದ್ದಂತೆಯೇ ಪವಿತ್ರಾಳ ಕಡೆ ತಿರುಗಿದರು. "ಈ ಕೂಸು ಮುಟ್ಟೇತೇನು?"

ನಾನು ಹೇಳಿದೆ. ಅವರು ಅವಳನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಕಣ್ಣು ನೋಡಿದರು. "ನನಗ ಚಲೋ ಕಾಣತೈತಿ. ಆದ್ರ ನಾ ಮಂದಿ ಡಾಕ್ಟರಲ್ಲ ತಂಗಿ. ಮೊದಲ ಈಕಿನ್ನ ತೋರಿಸ್ಕೊಂಡ ಬಾ. ನಾಯಿ ನಾ ನೋಡತೇನಿ."

ಸಮೀಪದಲ್ಲೇ ಇದ್ದ ಮಕ್ಕಳ ಡಾಕ್ಟರಮ್ಮನ ಹತ್ತಿರ ಓಡಿದೆ. ಅವರು ಅವಳ ಕಣ್ಣು, ನಾಲಗೆ, ನಾಡಿ ನೋಡಿ, "ಈಗೇನಿಲ್ಲ. ಸಂಜಿತನಕ ಕಣ್ಣಾಗ ಕಣ್ಣಿಟ್ಟ ನೋಡ್ರಿ. ಜೊಲ್ಲು ಸುರದ್ರ, ವಾಂತಿ ಮಾಡಿದ್ರ, ಮಂಕಾದ್ರ ತಕ್ಷಣ ಕರಕೊಂಡ ಬರ್ರಿ" ಅಂದರು. ಸಂಜೆ ಅಂದರೆ ಇನ್ನೂ ಐದು ತಾಸು.

ಮರಳಿ ಬಂದಾಗ ಕೆಂಚ್ಯಾನ ಕಾಲಿಗೆ ಸಲೈನ್ ಹಚ್ಚಿದ್ದರು. ಗಂಡ ಇರಲಿಲ್ಲ. ದವಾಖಾನೆಯಲ್ಲಿದ್ದ ಇಂಜೆಕ್ಷನ್ ಮುಗಿಯುತ್ತ ಬಂದಿತ್ತು. ಇನ್ನೂ ಬಹಳ ಬೇಕು, ಹೊರಗೆ ತರಬೇಕು ಎಂದು ಡಾಕ್ಟರರು ಅವರನ್ನು ಮೆಡಿಕಲ್ ಅಂಗಡಿಗೆ ಕಳಿಸಿದ್ದರು. ಅವರು ಬರಿಗೈಯಲ್ಲಿ ವಾಪಸ್ಸು ಬಂದರು. ಅಂಗಿಯ ಎದೆಯ ಮೇಲೆ ನಾಯಿಯ ನೊರೆ ಇನ್ನೂ ಒದ್ದೆಯಾಗಿತ್ತು.

"ಕೊಡವಲ್ಲರಿ ಸಾಹೇಬ್ರ. ನಾಯಿಗಿ ಅಂದ್ರ ನಂಬವಲ್ಲರು."

ಅಂಗಡಿಯವನು ಕೆಟ್ಟವನಲ್ಲ. ಅವನು ಹೇಳಿದ ಮಾತನ್ನು ಗಂಡ ಆಮೇಲೆ ನನಗೆ ಹೇಳಿದರು: "ಇಷ್ಟ ಇಂಜೆಕ್ಷನ್ ನಾಯಿಗೆ ಯಾರಪ್ಪಾ ಒಯ್ತಾರ? ಖರೇ ಹೇಳ್ರಿ, ಮನ್ಯಾಗ ಯಾರು ಎಣ್ಣಿ ಕುಡದಾರು? ಪೊಲೀಸರಿಗಿ ಹೆದರಿ ಮನ್ಯಾಗ ಚುಚ್ಚಬ್ಯಾಡ್ರಿ. ದೊಡ್ಡ ದವಾಖಾನಿಗೆ ಒಯ್ರಿ, ಜೀವ ಉಳೀತೈತಿ." ಆ ಔಷಧ ನಮ್ಮ ತಾಲೂಕಿನಲ್ಲಿ ಹೆಚ್ಚಾಗಿ ಯಾರಿಗೆ ಹೋಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಡಾಕ್ಟರರು ಚೀಟಿ ಬರೆದರು. ನಾಯಿ, ಗಂಡು, ಕೆಂಪು ಬಣ್ಣ ಎಂದು ಬರೆದು, ದವಾಖಾನೆಯ ಶಿಕ್ಕೆ ಒತ್ತಿ ಕೊಟ್ಟರು. ಆ ಚೀಟಿಗೆ ಔಷಧ ಸಿಕ್ಕಿತು. ಆದರೆ ಗಂಡ ಮೊದಲ ಸಲ ಅಂಗಡಿಯ ಮುಂದೆ ಕೈಮುಗಿದು ಬೇಡುತ್ತಿದ್ದಾಗ ನಮ್ಮ ಊರಿನವನೊಬ್ಬ ಪಕ್ಕದಲ್ಲಿ ನಿಂತಿದ್ದ. ಅವನು ಚೀಟಿಯನ್ನು ನೋಡಲಿಲ್ಲ. ಅಂಗಡಿಯವನ ಪ್ರಶ್ನೆಯನ್ನಷ್ಟೇ ಕೇಳಿಸಿಕೊಂಡು ಊರಿನ ಬಸ್ಸು ಹತ್ತಿದ್ದ. ನಮಗೆ ಅದು ಗೊತ್ತಿರಲಿಲ್ಲ.

ಆ ಮಧ್ಯಾಹ್ನ ಪಡಸಾಲೆಯ ಗೋಡೆಗೆ ಒರಗಿ ಕುಳಿತದ್ದು ನೆನಪಿದೆ. ಸ್ವಲ್ಪ ಹೊತ್ತಿಗೊಮ್ಮೆ ಡಾಕ್ಟರರು ಬಂದು ಕೆಂಚ್ಯಾನ ಒಸಡಿಗೆ ಬೆರಳು ಹಚ್ಚಿ ನೋಡಿ, ಮತ್ತೊಂದು ಚುಚ್ಚುತ್ತಿದ್ದರು. "ಬಾಯಿ ಒಣಗಬೇಕು. ಒಣಗೋತನ ಬಿಡಾಂಗಿಲ್ಲ" ಅನ್ನುತ್ತಿದ್ದರು. ಅದರ ಉಸಿರಿನಲ್ಲಿ ನೀರು ಗುಳುಗುಳು ಅನ್ನುವ ಸಪ್ಪಳವಿತ್ತು. ಕೆಲವೊಮ್ಮೆ ಆ ಸಪ್ಪಳ ನಿಲ್ಲುತ್ತಿತ್ತು. ನಿಂತಾಗ ಎಲ್ಲರೂ ಆ ಕಡೆ ತಿರುಗುತ್ತಿದ್ದೆವು, ಎಮ್ಮೆಯವರು ಕೂಡ.

ಮಗಳಿಗೆ ನಿದ್ದೆ ಬಂತು. ನಾನು ಎಬ್ಬಿಸಿದೆ. ಮತ್ತೆ ತೂಕಡಿಸಿದಳು. ಮತ್ತೆ ಎಬ್ಬಿಸಿದೆ. ಅವಳು ಅಳತೊಡಗಿದಳು. ಮೇಕೆ ತಂದಿದ್ದ ಮುದುಕಿಯೊಬ್ಬಳು ಇದನ್ನು ನೋಡುತ್ತಿದ್ದವಳು ಎದ್ದು ಬಂದು ಪಕ್ಕದಲ್ಲಿ ಕೂತಳು.

"ಮಕ್ಕಳು ಮಧ್ಯಾಹ್ನ ಮಲಗತಾವವ್ವಾ. ಅದು ರೋಗಲ್ಲ."

"ಮಂಕಾದ್ರ ಹೇಳ್ರಿ ಅಂದಾರಬೇ."

"ನನ್ನ ತೊಡಿ ಮ್ಯಾಲ ಹಾಕು. ಉಸಿರು ನಾ ನೋಡತೇನಿ. ನೀ ನಾಯಿ ನೋಡು. ಎರಡೂ ಒಬ್ಬಾಕಿನ ನೋಡಿದ್ರ ಎರಡೂ ಕಾಣೂದಿಲ್ಲ."

ಆ ತಾಯಿಯ ಹೆಸರು ನಾನು ಕೇಳಲಿಲ್ಲ. ಎರಡು ತಾಸು ನನ್ನ ಮಗಳ ಎದೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ಅವಳ ಮೇಕೆಯ ಕೆಲಸ ಎಂದೋ ಮುಗಿದಿತ್ತು. ಪವಿತ್ರಾ ಎದ್ದು, ಕಣ್ಣು ತಿಕ್ಕಿ, "ಅವ್ವಾ, ಹಸಿವು" ಅಂದಾಗಲೇ ಅವಳು ಎದ್ದದ್ದು. ಅದೇ ಹೊತ್ತಿಗೆ ಡಾಕ್ಟರರು ಕೆಂಚ್ಯಾನ ಬಾಯಲ್ಲಿ ಬೆರಳಾಡಿಸಿ, "ಒಣಗೇತಿ" ಅಂದರು. ನನಗೆ ಅಳು ಬಂದದ್ದು ಆಗ.

"ಇಷ್ಟಕ್ಕ ಉಳೀತು ಅಂತ ತಿಳಕೋಬ್ಯಾಡ್ರಿ" ಅಂದರು ಅವರು. "ಮೂರ ದಿನ ಏನೂ ಹೇಳಾಕ ಬರೂದಿಲ್ಲ. ಉಳದ ಇಂಜೆಕ್ಷನ್ ಒಯ್ರಿ. ನೇಸರಗಿಯಾಗ ನಮ್ಮ ಕಂಪೌಂಡರ್ ಅದಾನ, ಬಂದು ಹಾಕ್ತಾನ."

ಮಕ್ಕಳ ಡಾಕ್ಟರಮ್ಮನಿಗೆ ಮಗಳನ್ನು ಇನ್ನೊಮ್ಮೆ ತೋರಿಸಿ, ಬಾಡಿಗೆ ಜೀಪು ಹಿಡಿದು ಹೊರಟೆವು. ಹೊತ್ತು ಮುಳುಗುತ್ತಿತ್ತು. ಜೀಪು ನಮ್ಮ ಮನೆಯ ತಿರುವಿಗೆ ಬಂದಾಗ ಅಂಗಳದ ತುಂಬ ಜನ. ಗಂಡಸರು ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದಿದ್ದರು. ಅದನ್ನು ಕಂಡು, ಅತ್ತೆಗೆ ಏನೋ ಆಗಿದೆ ಅಂದುಕೊಂಡೆ.

ನಾನು ಜೀಪಿನಿಂದ ಇಳಿದೆ. ಒಬ್ಬ ಮುದುಕಿ, "ಅಯ್ಯ ಶಿವನ! ಅದಾಳಲ್ಲ!" ಎಂದು ಕೂಗಿದಳು.

ನಾನು ಎಣ್ಣಿ ಕುಡಿದಿದ್ದೇನೆ ಎಂಬ ಸುದ್ದಿ ಮಧ್ಯಾಹ್ನವೇ ಊರು ಮುಟ್ಟಿತ್ತು. ಅದು ನಡೆಯುತ್ತ ನಡೆಯುತ್ತ, ಸಂಜೆಯ ಹೊತ್ತಿಗೆ ನಾನು ಉಳಿಯಲಿಲ್ಲ ಎಂದಾಗಿತ್ತು. ಮಗುವಿಗೂ ಕುಡಿಸಿದಳಂತೆ ಎಂದು ಯಾರೋ ಸೇರಿಸಿದ್ದರು. ಅತ್ತೆ ಬಾಗಿಲಿನ ಕಂಬಕ್ಕೆ ಆತು ನಿಂತಿದ್ದರು. ಮಧ್ಯಾಹ್ನದಿಂದಲೂ ಬಂದವರಿಗೆಲ್ಲ ಅವರು, "ನಾಯಿ ತಿಂದೈತಿ, ನಾಯಿ" ಎಂದು ಹೇಳಿದ್ದರಂತೆ. ಭೀಮಪ್ಪನೂ ಹಾಗೇ ಹೇಳಿದ್ದ. ಆದರೂ ಒಬ್ಬರೂ ನಂಬಲಿಲ್ಲ. ಮಗುವನ್ನು ಯಾಕೆ ಒಯ್ದರು ಎಂದು ಕೇಳಿದರೆ ಅವರಿಗೇ ಉತ್ತರ ಗೊತ್ತಿರಲಿಲ್ಲ. ಹೀಗಾಗಿ ಕೊನೆಕೊನೆಗೆ ಅವರೂ ಸುಮ್ಮನಾಗಿದ್ದರು. ನನ್ನ ಮಗಳನ್ನು ಕಂಡದ್ದೇ ಬಂದು ಎತ್ತಿಕೊಂಡರು.

ಜನ ಚದುರಿದ ಮೇಲೆ ನಾನು ಕೊಟ್ಟಿಗೆಗೆ ಹೋದೆ. ಬೋಗುಣಿ ಇರಲಿಲ್ಲ, ಹಲಗೆಯೂ ಇರಲಿಲ್ಲ. ನೆಲವನ್ನು ಬೂದಿ ಹಾಕಿ ಬಳಿದಿದ್ದರು. ಹಿತ್ತಲ ಆಚೆ, ಬೇಲಿಯ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ, ಅದರ ಮೇಲೆ ಜಾಲಿಯ ಮುಳ್ಳು ಹೇರಿತ್ತು. ಪಕ್ಕದಲ್ಲಿ ಎರಡು ಕಾಗೆ ಸತ್ತು ಬಿದ್ದಿದ್ದವು.

ಮರುದಿನ ಬೆಳಿಗ್ಗೆ ರಾಮದುರ್ಗದಿಂದ ನನ್ನ ಅವ್ವ ಮತ್ತು ಅಣ್ಣ ಬಂದರು. ಊರಿನ ಅಂಗಡಿಯಿಂದ ಯಾರೋ ಪುಣ್ಯಾತ್ಮರು ಅಣ್ಣನ ಓಣಿಯ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದ್ದರು. ಸುದ್ದಿ ಸುಳ್ಳೆಂದು ತಿಳಿದ ಮೇಲೆ ಮರಳಿ ಫೋನ್ ಮಾಡಿ ಹೇಳಲು ಯಾರಿಗೂ ಹೊಳೆಯಲಿಲ್ಲ. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ನೇಸರಗಿಯಿಂದ ನಡೆದುಕೊಂಡೇ ಬಂದಿದ್ದರು. ದೂರದಿಂದಲೇ ಅವ್ವನ ಅಳು ಕೇಳಿತು. ಸತ್ತವರ ಮನೆಗೆ ಬರುವವರು ಅಳುವ ಅಳು ಅದು, ಗುಣ ಹೇಳಿ ಹೇಳಿ ಅಳುವುದು. ನನ್ನ ಹೆಸರು ಹಿಡಿದು ಅವಳು ಅಳುವುದನ್ನು ನಾನು ಒಲೆಯ ಮುಂದೆ ನಿಂತು ಕೇಳಿದೆ.

ಓಡಿ ಹೊರಗೆ ಬಂದೆ. ಅವ್ವ ನನ್ನನ್ನು ನೋಡಿದಳು, ನೋಡಿದರೂ ಅಳು ನಿಲ್ಲಿಸಲಿಲ್ಲ. ಹತ್ತಿರ ಬಂದು ಎರಡೂ ಕೈಯಿಂದ ನನ್ನ ಮುಖ ಹಿಡಿದು, ಹಣೆ, ಕಣ್ಣು, ತುಟಿ ಎಲ್ಲ ಮುಟ್ಟಿ ನೋಡಿದಳು. ಅಣ್ಣ ಮಾತ್ರ ಅತ್ತೆಯ ಕಡೆಗೇ ಹೋದ.

"ನನ್ನ ತಂಗಿಗಿ ಏನ್ ಮಾಡಿದ್ರಿ?"

"ಅಣ್ಣಾ, ನನಗೇನೂ ಆಗಿಲ್ಲೋ. ನಾಯಿ ತಿಂದೈತಿ, ನೋಡಿಲ್ಲಿ" ಎಂದು ನಾನು ಅವನ ತೋಳು ಹಿಡಿದು ಜಗ್ಗಿದೆ. ಕೆಂಚ್ಯಾ ಪಡಸಾಲೆಯಲ್ಲಿ ಗೋಣಿಯ ಮೇಲೆ ಬಿದ್ದಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಕಟ್ಟೆಯ ಮೇಲೆ ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ.

ಅತ್ತೆ ಒಳಗೆ ಹೋಗಿ ಇಬ್ಬರಿಗೂ ನೀರು, ಚಾ ತಂದಿಟ್ಟರು. "ಬೀಗ್ತಿ, ಚಾ ಕುಡೀರಿ" ಅಂದರು. ಅವ್ವ ಕುಡಿದಳು. ನಾಚಿಕೆಯಿಂದ ತಲೆ ಎತ್ತಲಿಲ್ಲ.

ಆ ಸಂಜೆ ಅವರನ್ನು ನೇಸರಗಿಯ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಅಣ್ಣ ಬಸ್ಸಿನ ಹೊತ್ತು ಕೇಳಲು ಆಚೆ ಹೋದಾಗ ಅವ್ವ ನನ್ನ ಕೈ ಹಿಡಿದುಕೊಂಡಳು.

"ಖರೇ ಹೇಳವ್ವಾ. ನನಗ ಫೋನ್ ಬಂದಾಗ ನಾ ಸುಳ್ಳಿರಬೇಕು ಅನಲಿಲ್ಲ. ಒಮ್ಮೀನೂ ಅನಲಿಲ್ಲ. ತಾಯಿ ಆಗಿ ಯಾಕ ಅನಲಿಲ್ಲ ಅಂತ ಬಸ್ಸಿನ್ಯಾಗ ಕೂತು ಅದ ವಿಚಾರ ಮಾಡಿದೆ. ಎಂದಾದ್ರೂ ಹಂಗ ಮಾಡಿಕೊಳ್ಳೂದು ನಿನ್ನ ಮನಸಿನ್ಯಾಗ ಬಂದಿತ್ತೇನು?"

ಬಸ್ಸು ಬಂತು. ಜನ ಹತ್ತಿದರು.

"ಮದುವಿಯಾದ ಮೊದಲನೇ ವರ್ಷ ಒಮ್ಮಿ ಬಂದಿತ್ತವ್ವಾ" ಅಂದೆ. "ಯಾರೂ ಹೊಡದಿರಲಿಲ್ಲ, ಬೈದಿರಲಿಲ್ಲ. ಮಾತಾಡವರ ಇರಲಿಲ್ಲ, ಅಷ್ಟ. ಆಮ್ಯಾಲ ಪವಿ ಹುಟ್ಟಿದ್ಲು. ಮತ್ತ ಬಂದಿಲ್ಲ."

ಅವ್ವ ಆ ಬಸ್ಸನ್ನು ಬಿಟ್ಟಳು. ಅದರ ಹಿಂದೆ ಬಂದದ್ದನ್ನೂ ಬಿಟ್ಟಳು. ನನ್ನ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಅಣ್ಣ ಎರಡು ಸಲ ಬಂದು ನೋಡಿ ಹೋದ. ಕೊನೆಯ ಬಸ್ಸಿಗೆ ಹತ್ತುವಾಗ, "ಮಾತಾಡಬೇಕನಿಸಿದ್ರ ಬೂತಿಗೆ ಫೋನ್ ಮಾಡು. ಏನೂ ಕಾರಣ ಬೇಕಾಗಿಲ್ಲ" ಅಂದಳು.

ಮೂರನೆಯ ದಿನ ಕೆಂಚ್ಯಾನ ಕುತ್ತಿಗೆ ಬಿದ್ದಿತು. ಹಿಂದಿನ ದಿನ ತಲೆ ಎತ್ತಿ ನೀರು ಕುಡಿದಿದ್ದ ನಾಯಿಗೆ ಈಗ ತಲೆಯೇ ನಿಲ್ಲಲಿಲ್ಲ. ಉಸಿರು ಸಣ್ಣದಾಯಿತು. ಡಾಕ್ಟರರು ಮೂರು ದಿನ ಎಂದದ್ದು ಇದಕ್ಕೇ ಅನಿಸಿತು. ಕಂಪೌಂಡರ್ ಬಂದು ನೋಡಿ, "ಇನ್ನ ಸೂಜಿ ಕೆಲಸ ಮುಗೀತ್ರಿ. ತಲಿ ಎತ್ತರಕ್ಕ ಇಡ್ರಿ, ಮಗ್ಗಲಾ ಬದಲಿ ಮಾಡ್ರಿ" ಎಂದು ಹೇಳಿ ಹೋದ. ನಾನು ಹಳೆಯ ಸೀರೆ ಮಡಚಿ ಅದರ ಗದ್ದದ ಕೆಳಗೆ ಇಟ್ಟು, ಚಮಚದ ತುದಿಯಿಂದ ಒಂದೊಂದೇ ಹನಿ ಗಂಜಿ ನಾಲಗೆಗೆ ಹಚ್ಚುತ್ತಿದ್ದೆ. ಅತ್ತೆ ಬಂದು ಎದುರಿಗೆ ಕೂತರು. ನಾಯಿಯನ್ನೇ ನೋಡುತ್ತ ಕೇಳಿದರು:

"ನಾ ಅಷ್ಟ ಕೆಟ್ಟಾಕಿ ಏನವಾ?"

ನನಗೆ ಅರ್ಥವಾಯಿತು. ಆದರೂ "ಯಾಕ್ರಿ?" ಅಂದೆ.

"ಊರ ಮಂದಿ ನಂಬಿದ್ರು. ಹೋಗಲಿ. ನಿಮ್ಮವ್ವ ನಂಬಿದ್ಲು, ಅದೂ ಹೋಗಲಿ. ಅವತ್ತ ಮಧ್ಯಾಹ್ನ ಮಂದಿ ಹೇಳಿ ಹೇಳಿ, ನನಗೂ ಒಂದ ಗಳಿಗಿ ಖರೇ ಅನಿಸ್ತು. ಕೂಸಿನ್ನೂ ಒಯ್ದ್ರಲ್ಲ, ಏನರ ಮುಚ್ಚಿಟ್ಟಾರೇನು ಅನಿಸ್ತು. ನನಗ ಯಾಕ ಹಂಗ ಅನಿಸ್ತು?"

ಚಮಚ ನನ್ನ ಕೈಯಲ್ಲೇ ಇತ್ತು. "ನೀವು ಕೆಟ್ಟಾರಲ್ಲರಿ ಅತ್ತಿ" ಅಂದೆ. "ಆದ್ರ ನಿಮ್ಮ ಹೆದರಿಕಿ ಐತಿ ನನಗ. ಕಲ್ಲ ನಾನ ಇಳಿಸಿದ್ದೆ. ನೀವು ಹಾವಿನ ಗುರ್ತ ಹುಡುಕೂಮುಂದ ನನಗ ಗೊತ್ತಿತ್ತು. ಹೇಳಾಕ ಆಗಲಿಲ್ಲ."

"ಕೊಟ್ಟಿಗ್ಯಾಗ ಕಲ್ಲ ಕೆಳಗ ಕಂಡಾಗನ ಗೊತ್ತಾತು" ಅಂದರು. "ಬಸ್ಯಾ ಇಳಿಸಿದ್ರ ಹೇಳ್ತಿದ್ದ. ಹೇಳಲಾರದ ನಿಂತಾಕಿ ನೀನ. ಅದಕ್ಕ ಹೂಳಿಬಿಟ್ಟೆ. ಮಂದಿ ನೋಡಿದ್ರ ನಿನಗ ಅಂತಿದ್ರು." ಮತ್ತೆ ಹೇಳಿದರು, "ನಮ್ಮತ್ತಿಗೆ ನಾ ಹೆದರತಿದ್ದೆ. ಆಕಿ ಬೈತಿದ್ಲು, ಅದಕ್ಕ. ನಾ ಬೈಯೂದಿಲ್ಲ ಅಂತ ಮಾಡಿದ್ದೆ. ಬೈಯಲಿಲ್ಲ ಅಂದ್ರ ಹೆದರೂದಿಲ್ಲ ಅಂತ ತಿಳಕೊಂಡಿದ್ದೆ."

ಆಮೇಲೆ ನಾವಿಬ್ಬರೂ ತಬ್ಬಿಕೊಂಡು ಅತ್ತೆವು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ನನ್ನ ಕೈಯಿಂದ ಚಮಚ ತೆಗೆದುಕೊಂಡರು. "ಹೋಗು, ನೀ ಉಂಡ ಬಾ" ಅಂದರು. ಅಷ್ಟೇ.

ಕೆಂಚ್ಯಾ ಸಾಯಲಿಲ್ಲ. ಆರನೆಯ ದಿನಕ್ಕೆ ತಲೆ ನಿಂತಿತು. ಹತ್ತು ದಿನಕ್ಕೆ ಹೊಟ್ಟೆಯ ಕೆಳಗೆ ಪಂಚೆ ಹಾಕಿ ಎರಡೂ ಕಡೆ ಹಿಡಿದು ಎತ್ತಿದರೆ ನಿಲ್ಲುತ್ತಿತ್ತು. ಒಂದು ತುದಿ ಅತ್ತೆ, ಇನ್ನೊಂದು ತುದಿ ನಾನು. ಅಂಗಳದಲ್ಲಿ ಹಾಗೆ ಸುತ್ತು ಹಾಕಿಸುವಾಗ ಸುಮ್ಮನೆ ನಡೆಯಲಾಗುವುದಿಲ್ಲ, "ನಿಂದ್ರು", "ಸಾವಕಾಶ", "ಎತ್ತು" ಎಂದು ಏನಾದರೂ ಅನ್ನಲೇಬೇಕು. ಮೊದಮೊದಲು ಅಷ್ಟೇ ಮಾತು. ಬರುಬರುತ್ತ ಮಾವನ ಸುದ್ದಿ ಬಂತು, ಅತ್ತೆಯ ತವರೂರು ಚಚಡಿಯ ಸುದ್ದಿ ಬಂತು, ಮದುವೆಯ ಹೊಸದರಲ್ಲಿ ಅವರು ಒಮ್ಮೆ ಮನೆ ಬಿಟ್ಟು ಅರ್ಧ ದಾರಿ ನಡೆದು ವಾಪಸ್ಸು ಬಂದ ಸುದ್ದಿಯೂ ಬಂತು. ಅವರ ಮಗನಿಗೂ ಅದು ಗೊತ್ತಿರಲಿಲ್ಲ.

ಹಿಂಗಾಲು ಮಾತ್ರ ಪೂರ್ತಿ ಸರಿಹೋಗಲಿಲ್ಲ. ಆಮೇಲಿನ ಏಳು ವರ್ಷವೂ ಕೆಂಚ್ಯಾ ಸೊಂಟ ಒಂದು ಕಡೆಗೆ ಎಳೆದುಕೊಂಡೇ ನಡೆಯಿತು. ಬೆಲ್ಲ ಹಾಕಿದ ಏನನ್ನೂ ಮೂಸಲಿಲ್ಲ. ಪವಿತ್ರಾಳಿಗೆ ಏನೂ ಆಗಲಿಲ್ಲ. ಆದರೆ ಒಂದು ವರ್ಷದವರೆಗೆ ಅವಳು ಉಗುಳು ನುಂಗಿದ ಸಪ್ಪಳಕ್ಕೆ ನನಗೆ ಎಚ್ಚರವಾಗುತ್ತಿತ್ತು.

ಹುಳು ಮರುವರ್ಷವೂ ಬಂತು. ಬೆಳೆ ಬೇಡ ಅನ್ನಲು ಆಗುವುದಿಲ್ಲ. ಗಂಡ ಮತ್ತೆ ಡಬ್ಬಿ ತಂದರು. ಮನೆಯ ಮುಂದೆ ಸೈಕಲ್ಲಿನಿಂದ ಇಳಿಸುವಾಗಲೇ ಅತ್ತೆ ತಡೆದರು.

"ಇದು ಮನಿ ಹೊಸ್ತಲಾ ದಾಟಾಂಗಿಲ್ಲ. ಹೊಲದಾಗ ಕಲಸು, ಹೊಲದಾಗ ಚೆಲ್ಲು, ಉಳದ್ದು ಅಲ್ಲೇ ಹೂಳು."

"ನಾಳಿತನಕ ಇಡಬೇಕಬೇ. ಕಾಯವರು ಯಾರು?"

"ಬೆಳಿಗ್ಗೆ ಕಲಸು. ಸಂಜಿತನಕ ನಾ ಕುಂದರತೇನಿ. ಒಂದ ರಾತ್ರಿ ಕಡಿಮಿ ಹುಳಿ ಬಂದ್ರ ಹುಳ ಏನ್ ತಕರಾರ ಮಾಡೂದಿಲ್ಲ."

ಹಾಗೇ ಮಾಡಿದರು. ಬೇವಿನ ಮರದ ಕೆಳಗೆ, ಮುಚ್ಚಿದ ಬೋಗುಣಿಯಿಂದ ಎರಡು ಮಾರು ದೂರದಲ್ಲಿ, ಕೈಯಲ್ಲಿ ಕೋಲು ಹಿಡಿದು ಕೂತರು. ಕೆಂಚ್ಯಾನನ್ನು ಮನೆಯಲ್ಲಿ ಕಟ್ಟಿ ಹಾಕಿ, ಮಗಳನ್ನು ಸಾಲೆಗೆ ಬಿಟ್ಟು, ನಾನು ಮಧ್ಯಾಹ್ನ ಬುತ್ತಿ ಒಯ್ದೆ. ಕೊಡದಲ್ಲಿ ನೀರೂ ಒಯ್ದಿದ್ದೆ. ಇಬ್ಬರೂ ಮೂರು ಮೂರು ಸಲ ಕೈ ತೊಳೆದುಕೊಂಡೆವು. ಗಾಳಿ ಆ ಕಡೆಯಿಂದ ಬೀಸಿದಾಗ ಆ ವಾಸನೆ ಬಂತು. ನಾನು ಮುರಿದ ರೊಟ್ಟಿಯನ್ನು ಬುತ್ತಿಯಲ್ಲೇ ಇಟ್ಟೆ. ಅತ್ತೆ ನೋಡಿದರು. ತಮ್ಮ ಬುತ್ತಿ ಎತ್ತಿಕೊಂಡು ಮರದ ಇನ್ನೊಂದು ಮಗ್ಗುಲಿಗೆ ಸರಿದು ನನಗೂ ಜಾಗ ಮಾಡಿದರು.

ಉಂಡು ಮುಗಿಸಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರು:

"ಮನಿಗೆ ಹೋಗೂಮುಂದ ಅಂಗಡಿಗೆ ಹೋಗಿ ನಿಮ್ಮವ್ವಗ ಒಂದ ಫೋನ್ ಮಾಡು. ಇವತ್ತ ನಮ್ಮ ಹೊಲದಾಗ ಎಣ್ಣಿ ಕಲಸೇವಿ, ಯಾರರ ಏನರ ಸುದ್ದಿ ಹೇಳಿದ್ರ ನಂಬಬ್ಯಾಡ ಅಂತ ಹೇಳು. ಅತ್ತಿ ಬಾಜೂಕ ಕುಂತ ಉಂಡೆ ಅಂತೂ ಹೇಳು."

ನಾನು ಹೋಗಿ ಫೋನ್ ಮಾಡಿದೆ.